ಮಗಳಿಗೊಂದು ಪತ್ರ: ಮಂಗಳವಾರದ ಮೀಟಿಂಗಿಗೆ ಹೆಗ್ಗೋಡಿಂದ ಬಂದೋರು

ಪುಟ್ಟೀ,

ವಾಟ್ಸಾಪಲ್ಲಿ ಬರೆದ್ರೆ ಮೇಲಿನ ಎರಡು ಲೈನ್ ಓದಿ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗ್ತೀಯ ಅಂತ ಗೊತ್ತು, ಅದಕ್ಕೇ ಮೇಲ್ ಮಾಡ್ತಿದೀನಿ. ಹೋದ್ಸಲ ಬಂದಾಗ ನೀನೊಂದು ಮಾತು ಅಂದೆಯಲ್ಲ, "ಅಮ್ಮಾ ನಿಮ್ಮ ರೋಟರಿ ಕ್ಲಬ್ಬು ಅಂದ್ರೆ ಗಂಟೆ ಹೊಡೆಯೋದು, ಬೋಂಡಾ ತಿನ್ನೋದು, ಶಾಲು ಹೊದಿಸ್ಕೊಂಡು ಫೋಟೋ ತೆಗೆಸೋದು ಅಷ್ಟೇ" ಅಂತ. ಆವತ್ತು ನಕ್ಕು ಸುಮ್ಮನಾದೆ, ಯಾಕಂದ್ರೆ ಅರ್ಧ ನಿಜಾನೇ. ಆದ್ರೆ ಈ ಮಂಗಳವಾರದ ಮೀಟಿಂಗು ಮಾತ್ರ ನಿನಗೆ ಹೇಳ್ಲೇಬೇಕು.

ಈ ವರ್ಷ ಪ್ರೋಗ್ರಾಮ್ ನೋಡ್ಕೊಳ್ಳೋ ಕೆಲಸ ನನ್ನ ತಲೆಗೆ ಬಿದ್ದಿದೆ. ಜುಲೈ ಒಂದಕ್ಕೆ ಹೊಸ ಪ್ರೆಸಿಡೆಂಟ್ ಕಾಲರ್ ಹಾಕ್ಕೊಂಡ್ರು, ಎರಡಕ್ಕೆ ಫೋನ್ ಬಂತು, "ಮೇಡಂ ವಾರಕ್ಕೊಬ್ಬ ಸ್ಪೀಕರ್ ನೀವೇ ಹುಡುಕಬೇಕು." 2016ರಲ್ಲಿ ರೂಲ್ಸ್ ಸಡಿಲ ಆಗಿ ತಿಂಗಳಿಗೆ ಎರಡು ಮೀಟಿಂಗ್ ಮಾಡಿದ್ರೂ ಸಾಕು ಅಂತ ಆಗಿದೆ, ಎಷ್ಟೋ ಕಡೆ ಹಾಗೇ ಮಾಡ್ತಾರಂತೆ, ನಮ್ಮೋರು ಮಾತ್ರ ಬಿಡಲ್ಲ, ವಾರ ವಾರ ಬೇಕು. ಎಲ್ಲಿಂದ ತರ್ಲಿ ಹೇಳು? ಮಂಡಿನೋವಿನ ಡಾಕ್ಟ್ರಾಯ್ತು, ಟ್ಯಾಕ್ಸ್ ಬಗ್ಗೆ ಆಯ್ತು, ಅಡಿಕೆ ಕೊಳೆರೋಗ ಆಯ್ತು, ಮ್ಯೂಚುಯಲ್ ಫಂಡ್ ಎರಡ್ಸಲ ಆಯ್ತು. ಆಗ ಹೊಳೀತು, ಸಾಗರದ ಹತ್ರ ಹೆಗ್ಗೋಡಲ್ಲಿರೋ ನಾಟಕದ ಸಂಸ್ಥೆ ನೀನಾಸಮ್‌ನಲ್ಲಿ ಓದಿ, ಊರೂರಿಗೆ ನಾಟಕ ಒಯ್ಯೋ ಅವರ ತಂಡ ತಿರುಗಾಟದಲ್ಲಿ ವರ್ಷಗಟ್ಟಲೆ ಸುತ್ತಿದ ಒಬ್ರು ಇದಾರೆ, ಈಗ ಹಳ್ಳಿ ಶಾಲೆ ಮಕ್ಕಳಿಗೆ ನಾಟಕ ಮಾಡಿಸ್ತಾರೆ, ಅವರನ್ನೇ ಕರೆಯೋಣ ಅಂತ. ಕಮಿಟೀಲಿ ಹೇಳಿದ್ರೆ ಒಬ್ರು "ನಾಟಕದೋರಾ? ಡೊನೇಶನ್ ಕೇಳ್ತಾರೆ ನೋಡಿ" ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ ಅನ್ನು, ಸುಳ್ಳು ಯಾಕೆ.

ಆವತ್ತು ಮಳೆ ಹೆಂಗಿತ್ತು ಅಂದ್ರೆ ಸಾಗರದ ಬಸ್ಸು ಮುಕ್ಕಾಲು ಗಂಟೆ ಲೇಟು. ಅಪ್ಪ ಕೊಡೆ ಹಿಡ್ಕೊಂಡು ಸ್ಟ್ಯಾಂಡಿಗೆ ಹೋಗಿ ಕರ್ಕೊಂಡ್ಬಂದ್ರು. ಹೆಗಲಿಗೊಂದು ಬಟ್ಟೆ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಪ್ಯಾಂಟು ಮಂಡಿವರೆಗೂ ಒದ್ದೆ. ಮೀಟಿಂಗಿನ ಶಿಸ್ತು ನೋಡ್ಕೊಳ್ಳೋ ನಮ್ಮ ಕ್ಲಬ್ಬಿನ ಸಾರ್ಜೆಂಟು ಟೈ ಕಟ್ಕೊಂಡು ಬಾಗಿಲಲ್ಲಿ ನಿಂತಿದ್ರಲ್ಲ, ಇವರನ್ನ ಕೇಟರಿಂಗಿನೋರು ಅಂದ್ಕೊಂಡು "ಹಿಂದಿನ ಬಾಗಿಲಿಂದ ಹೋಗಿ" ಅಂದ್ಬಿಟ್ರು. ನಂಗೆ ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು. ಅವರು ನಗ್ತಾ ಹಿಂದಿನ ಬಾಗಿಲಿಂದಾನೇ ಬಂದ್ರು, ಅಡುಗೆಯೋರ ಹತ್ರ ಒಂದು ಲೋಟ ಬಿಸಿನೀರು ಇಸ್ಕೊಂಡು ಕುಡ್ಕೊಂಡು.

ಆಮೇಲೆ ನಮ್ಮ ಶಾಸ್ತ್ರಗಳು ಶುರು. ಗಂಟೆ, ಪ್ರಾರ್ಥನೆ, ಬರ್ತ್‌ಡೇ ಇದ್ದೋರಿಗೆ ಗುಲಾಬಿ, ಸೆಕ್ರೆಟರಿ ವರದಿ, ಫೋರ್ ವೇ ಟೆಸ್ಟು. ಅದನ್ನ ಪ್ರತಿವಾರ ಗಿಳಿಪಾಠದ ಥರ ಓದ್ತೀವಲ್ಲ, ನಾವು ಯೋಚಿಸೋದು ಹೇಳೋದು ಮಾಡೋದು ಸತ್ಯವೇ, ಎಲ್ಲರಿಗೂ ನ್ಯಾಯವೇ ಅಂತ, ಅದು 1932ರಲ್ಲಿ ಶಿಕಾಗೋದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿ ಮುಳುಗೋ ಸ್ಥಿತೀಲಿದ್ದಾಗ ಹರ್ಬರ್ಟ್ ಟೇಲರ್ ಅನ್ನೋರು ತಮ್ಮ ನೌಕರರಿಗೆ ಅಂತ ಬರೆದಿದ್ದು. ಪಾತ್ರೆ ಅಂಗಡಿಯೋರ ಮಗಳಾದ್ರಿಂದ ನಂಗೆ ಅದರ ಮೇಲೆ ಸ್ವಲ್ಪ ಪ್ರೀತಿ.

ಇನ್ನೊಂದು ವಿಷ್ಯ ನಿನಗೆ ಗೊತ್ತಿರ್ಲಿಕ್ಕಿಲ್ಲ. ನೀನು ಚಿಕ್ಕೋಳಿದ್ದಾಗ ನಾನು ಅಲ್ಲಿ ಮೆಂಬರ್ ಅಲ್ಲ, "ಆನ್". ಮೆಂಬರುಗಳ ಹೆಂಡ್ತೀರಿಗೆಲ್ಲ ಆನ್ ಅಂತಾನೇ ಹೆಸರು, ನೀನು ಆನೆಟ್! 1914ರಲ್ಲಿ ಅಮೆರಿಕದ ಹೂಸ್ಟನ್ ಸಮಾವೇಶಕ್ಕೆ ಹೊರಟಿದ್ದ ರೈಲಲ್ಲಿ ಯಾರದೋ ಹೆಂಡ್ತಿ ಹೆಸರು ಆನ್ ಅಂತ ಇತ್ತಂತೆ, ಅದು ನಮ್ಮ ಮಲೆನಾಡಿನ ಹೆಂಗಸರ ತಲೆಗೂ ಅಂಟ್ಕೊಂಡಿತು. 1989ರಿಂದಾನೇ ಹೆಂಗಸರು ಮೆಂಬರ್ ಆಗಬಹುದಿತ್ತು, ನಮ್ಮೂರಲ್ಲಿ ಅದನ್ನ ಬಾಯಿಬಿಟ್ಟು ಹೇಳೋರು ಯಾರೂ ಇರಲಿಲ್ಲ. ಹನ್ನೆರಡು ವರ್ಷ ಕೊನೇ ಸಾಲಲ್ಲಿ ಕೂತು, ಚಪ್ಪಾಳೆ ತಟ್ಟಿ, ಊಟ ಬಡಿಸೋಕೆ ಎದ್ದು ಹೋಗ್ತಿದ್ದೆ. ಇರ್ಲಿ, ಹಳೇ ಕಥೆ.

ನಾಟಕದೋರು ಮಾತು ಶುರು ಮಾಡಿದ್ರು, ಐದೇ ನಿಮಿಷಕ್ಕೆ ಕರೆಂಟ್ ಹೋಯ್ತು. ಪ್ರೊಜೆಕ್ಟರ್ ಸತ್ತೋಯ್ತು, ಯುಪಿಎಸ್‌ನಲ್ಲಿ ಎರಡು ಬಲ್ಬು ಮಾತ್ರ. ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಂಡು ಟೇಬಲ್ ಈಚೆ ಬಂದು ನಮ್ಮ ಮಧ್ಯಾನೇ ನಿಂತ್ರು. ಹೇಳಿದ್ದು ಭಾಷಣ ಥರಾನೇ ಇರಲಿಲ್ಲ. 1949ರಲ್ಲಿ ಹೆಗ್ಗೋಡಲ್ಲಿ ಅಡಿಕೆ ತೋಟದ ಹುಡುಗ್ರು ಸೇರ್ಕೊಂಡು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಂತ ಕಟ್ಟಿದ್ದು, ಬಾಯಲ್ಲಿ ಸಣ್ಣದಾಗಿ ನೀನಾಸಮ್ ಆಗಿದ್ದು, ಕೆ.ವಿ. ಸುಬ್ಬಣ್ಣನವರು ಆ ಹಳ್ಳೀಲಿ ಫಿಲಂ ಸೊಸೈಟಿ ಶುರು ಮಾಡಿ ಜಪಾನಿನ ಸಿನಿಮಾ, ಸತ್ಯಜಿತ್ ರೇ ಸಿನಿಮಾ ರೈತರಿಗೆ ತೋರ್ಸಿದ್ದು. ಸಬ್‌ಟೈಟಲ್ ಇಂಗ್ಲಿಷಲ್ಲಿ, ಓದೋಕೆ ಬರದೇ ಇದ್ರೂ ಜನ ಕೂತು ನೋಡೋರಂತೆ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಇದೆಲ್ಲ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದ್ರು, ಅದರಲ್ಲೇನು ಅನ್ನೋ ಥರ. ಆಮೇಲೆ ಸೆಟ್ಟು ಇಳಿಸೋದು ಹೇಗೆ ಅಂತ ಹೇಳೋಕೆ ಕೂತ್ರು ನೋಡು, ಮುಖಾನೇ ಬೇರೆ ಆಯ್ತು. ಬೆಳಿಗ್ಗೆ ಊರು ಮುಟ್ಟೋದು, ರಾಜನ ಪಾರ್ಟು ಮಾಡೋನೇ ಟ್ರಂಕು ಹೊರೋದು, ಲೈಟು ಕಟ್ಟೋಕೆ ಏಣಿ ಸಿಗದೇ ಇದ್ರೆ ಬೆಂಚಿನ ಮೇಲೆ ಬೆಂಚಿಡೋದು, ಮಧ್ಯಾಹ್ನ ಊರೋರ ಮನೇಲಿ ಊಟ, ರಾತ್ರಿ ನಾಟಕ ಮುಗಿಸಿ ಬಣ್ಣ ತೊಳೆದು ಮತ್ತೆ ಎಲ್ಲ ಬಿಚ್ಚಿ ತುಂಬೋದು. "ನಾಟಕ ಎರಡು ಗಂಟೆ, ಕೂಲಿ ಹನ್ನೆರಡು ಗಂಟೆ" ಅಂದ್ರು. ನಮ್ಮ ಹಾರ್ಡ್‌ವೇರ್ ಅಂಗಡಿಯೋರು, ಯಾವಾಗ್ಲೂ ಮೊಬೈಲ್ ನೋಡ್ತಾ ಕೂರೋರು, "ಕ್ಲಾಂಪು ಯಾವ ಸೈಜು?" ಅಂತ ಕೇಳಿದ್ರು!

ಆಗ ನಮ್ಮ ಆಡಿಟರು ಎದ್ದು, "ಎಲ್ಲ ಸರಿ ಸಾರ್, ಇದ್ರಿಂದ ಊರಿಗೇನು ಉಪಯೋಗ?" ಅಂದ್ರು. ಅವರು ಉತ್ತರ ಕೊಡ್ಲಿಲ್ಲ. ನಾಲ್ಕು ಜನ ಬನ್ನಿ ಅಂದ್ರು. ಆಡಿಟರು, ಹಾರ್ಡ್‌ವೇರಿನೋರು, ಡೆಂಟಿಸ್ಟು, ನಾನು. ಎಲ್ಲರಿಗೂ ಒಂದೇ ಡೈಲಾಗು, "ಊಟ ಆಯ್ತಾ?" ಆದ್ರೆ ಆಡಿಟರು ಸಾಲ ವಸೂಲಿಗೆ ಬಂದೋನ ಥರ ಕೇಳ್ಬೇಕು, ಡೆಂಟಿಸ್ಟು ಮೊದಲ ದಿನ ಅತ್ತೆ ಮನೆಗೆ ಬಂದ ಸೊಸೇನ ಕೇಳೋ ಹಾಗೆ, ನಾನು ಜಗಳ ಆಡಿ ಮೂರು ದಿನ ಮಾತು ಬಿಟ್ಟ ಗಂಡನ್ನ. (ನಂದು ಒಂದೇ ಟೇಕಲ್ಲಿ ಓಕೆ ಆಯ್ತು. ಅಪ್ಪ ಹಿಂದೆ ಕೂತು ತಲೆ ಬಗ್ಗಿಸ್ಕೊಂಡ್ರು.) ಆಡಿಟರು ಮೂರ್ಸಲ ಹೇಳಿದ್ರೂ ನೋಟೀಸ್ ಓದಿದ ಹಾಗೇ ಬರ್ತಿತ್ತು, ಎಲ್ಲ ಬಿದ್ದು ಬಿದ್ದು ನಕ್ರು, ಅವರೂ ನಕ್ರು. ಹಾರ್ಡ್‌ವೇರಿನೋರಿಗೆ ದೂರದ ದೇಶದಲ್ಲಿರೋ ಮಗನಿಗೆ ಫೋನಲ್ಲಿ ಕೇಳಿ ಅಂದ್ರು. ಅವರ ಮಗ ಕೆನಡಾದಲ್ಲಿರೋದು ಇವರಿಗೆ ಗೊತ್ತೇ ಇರಲಿಲ್ಲ, ಸುಮ್ನೆ ಕೊಟ್ಟಿದ್ದು. ಅವರು ಫೋನ್ ಕಿವಿಗಿಟ್ಟು ನಿಂತ್ರು. ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ "ಊಟ ಆಯ್ತಾ" ಅಂತ, ಅದೂ ತುಂಬ ಮೆಲ್ಲಗೆ, ಆ ಕಡೆಯಿಂದ ಏನೋ ಉತ್ತರ ಬಂದ ಹಾಗೆ ಕಾದು, "ಹ್ಞಂ, ಸರಿ, ಇಡ್ತೀನಿ" ಅಂದ್ರು. ಇಡ್ತೀನಿ ಅನ್ನೋದು ಡೈಲಾಗಲ್ಲೇ ಇರಲಿಲ್ಲ ಪುಟ್ಟಿ. ಯಾರೂ ಚಪ್ಪಾಳೆ ತಟ್ಲಿಲ್ಲ. ಮಳೆ ಸದ್ದೊಂದೇ. ನಾನು ನಿನಗೆ ದಿನಾ ರಾತ್ರಿ ಕೇಳೋದೂ ಅದೇ ಧ್ವನೀಲಾ ಅಂತ ಯೋಚ್ನೆ ಬಂತು, ನೀನು "ಹ್ಞೂಂ ಆಯ್ತು, ಆಮೇಲೆ ಮಾಡ್ತೀನಿ" ಅಂತೀಯಲ್ಲ, ಅದೂ ನೆನಪಾಯ್ತು.

ಇಪ್ಪತ್ತು ನಿಮಿಷದ ಟಾಕು ಒಂದು ಗಂಟೆ ಹತ್ತು ನಿಮಿಷ ಹೋಯ್ತು, ಪ್ರೆಸಿಡೆಂಟಿಗೆ ಗಂಟೆ ಹೊಡೆದು ಮುಗಿಸೋದೇ ಮರೆತೋಯ್ತು. ಕವರ್ ಕೊಟ್ರೆ ಅವರು ಬಸ್ ಚಾರ್ಜಷ್ಟೇ ತಗೊಂಡ್ರು, ಡೊನೇಶನ್ನಿನ ಸುದ್ದೀನೇ ಎತ್ತಲಿಲ್ಲ. ಕೇಳಿದ್ದು ಒಂದೇ, ನಿಮ್ಮೂರಿಗೆ ತಿರುಗಾಟ ಬರೋಕೆ ಬಿಟ್ಟು ಎಷ್ಟು ವರ್ಷ ಆಯ್ತು ಅಂತ. ಯಾರಿಗೂ ಲೆಕ್ಕ ಸಿಗಲಿಲ್ಲ. ಆಗ ನಂಗೆ ಚುಚ್ಚಿತು, ಕೊನೇ ಸಲ ಬಂದಾಗ ನೀನು ಸೆಕೆಂಡ್ ಪಿಯುಸಿ, ಹೋಗ್ತೀನಿ ಅಂತ ಅತ್ತೆ, ನಾಡಿದ್ದು ಫಿಸಿಕ್ಸ್ ಟೆಸ್ಟ್ ಅಂತ ನಾನೇ ಬಾಗಿಲು ಹಾಕಿದ್ದೆ. ಮೈಕಿನ ಸದ್ದು ಮನೆವರೆಗೂ ಕೇಳ್ತಿತ್ತು, ನೀನು ಕಿಟಕಿ ಹತ್ರ ಪುಸ್ತಕ ಇಟ್ಕೊಂಡು ಕೂತಿದ್ದೆ. ಆ ಟೆಸ್ಟಲ್ಲಿ ಎಷ್ಟು ಬಂತು ಅಂತ ನಿನಗಾದ್ರೂ ನೆನಪಿದೆಯಾ? ನಂಗಿಲ್ಲ.

ಈಗ ವಿಷ್ಯಕ್ಕೆ ಬರ್ತೀನಿ. ಕ್ಲಬ್ಬು ಈ ಸಲ ತಿರುಗಾಟ ಕರೆಸೋದು ಅಂತ ಆಗಿದೆ, ದೀಪಾವಳಿ ಆದ್ಮೇಲೆ, ಎರಡು ನಾಟಕ. ಮಾತು ಎತ್ತಿದ್ದೇ ಆಡಿಟರು, ನಂಬ್ತೀಯಾ? ಹಾರ್ಡ್‌ವೇರಿನೋರು ಏಣಿ ನಂದು ಅಂದ್ರು. ತಂಡದೋರಿಗೆ ಲಾಡ್ಜ್ ಬೇಡ, ಮೆಂಬರುಗಳ ಮನೇಲೇ ಹಂಚಿ ಇಡೋದು. ನಮ್ಮನೆಗೆ ಇಬ್ಬರು ಹುಡುಗೀರನ್ನ ಕೇಳಿ ಬರೆಸಿದೀನಿ, ನಿನ್ನ ರೂಮು ಕೊಡ್ತೀನಿ. ಮಂಚದ ಕೆಳಗಿರೋ ಆ ಮೂರು ಪೆಟ್ಟಿಗೆ ಹಳೇ ಎಂಟ್ರೆನ್ಸ್ ಗೈಡುಗಳನ್ನ ರದ್ದಿಗೆ ಹಾಕ್ಲಾ, ಅಟ್ಟಕ್ಕೆ ಏರಿಸ್ಲಾ? ಬೇಗ ಹೇಳು, ಭಾನುವಾರ ರದ್ದಿಯೋನು ಬರ್ತಾನೆ. ಮತ್ತೆ ಎರಡನೇ ನಾಟಕ ಶನಿವಾರ ಬೀಳೋ ಹಾಗೆ ನೋಡ್ಕೊಂಡಿದೀನಿ, ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ನೀನೇ ಮಾಡ್ಕೋ, ಅಪ್ಪನಿಗೆ ಆ ಆ್ಯಪ್ ಬರಲ್ಲ.

ಅಮ್ಮ