ಪೋರ್ಟ್ ಫಿನಿಶ್ ಸಿಂಗಲ್ ಮಾಲ್ಟ್ ಟೇಸ್ಟಿಂಗ್: ನಿಮ್ಮ ಕಾರ್ಯಕ್ರಮದ ಬಗ್ಗೆ ದೂರು

ಇವರಿಗೆ,
ಮ್ಯಾನೇಜರ್,
ವಿಸ್ಕಿ ಟೇಸ್ಟಿಂಗ್ ಕಾರ್ಯಕ್ರಮಗಳ ವಿಭಾಗ,
ಬೆಂಗಳೂರು

ವಿಷಯ: ಕಳೆದ ಶನಿವಾರದ ಟೇಸ್ಟಿಂಗ್‌ನಲ್ಲಿ ಆದ ಲೋಪಗಳು ಮತ್ತು ಹಣ ವಾಪಸಾತಿ

ಮಾನ್ಯರೇ,

ಕಳೆದ ಶನಿವಾರ ಸಂಜೆ ನೀವು ನಡೆಸಿದ ಟೇಸ್ಟಿಂಗ್‌ಗೆ ನಾನೂ ನನ್ನ ತಮ್ಮನೂ ಬಂದಿದ್ದೆವು. ತಲೆಗೆ 6,000 ರೂಪಾಯಿ ಕಟ್ಟಿದ್ದೇವೆ. ಪೋರ್ಟ್ ಎಂಬ ಸಿಹಿ ವೈನ್ ಇಟ್ಟಿದ್ದ ಪೀಪಾಯಿಯಲ್ಲೂ ಸ್ವಲ್ಪ ಕಾಲ ಮಾಗಿಸಿದ, ಅಂದರೆ ಫಿನಿಶ್ ಆದ ಮೂರು ಸಿಂಗಲ್ ಮಾಲ್ಟ್‌ಗಳನ್ನು (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಸವಿಯುವುದು ಹೇಗೆ ಅಂತ ಹೇಳಿಕೊಡುತ್ತೇವೆ ಎಂದು ನಿಮ್ಮ ಪೋಸ್ಟರ್‌ನಲ್ಲಿತ್ತು. ಗ್ಲೆನ್‌ಮೊರಾಂಜಿ ಕ್ವಿಂಟಾ ರುಬಾನ್, ನಮ್ಮ ಬೆಂಗಳೂರಿನ ಅಮೃತ್ ಪೋರ್ಟೊನೋವಾ, ಬಾಲ್ವೆನಿ 21 ವರ್ಷದ ಪೋರ್ಟ್‌ವುಡ್ ಎಂದು ಹೆಸರುಗಳನ್ನೂ ಹಾಕಿದ್ದಿರಿ. ಆ ಹೆಸರು ನೋಡಿಯೇ ನಾವು ಬಂದದ್ದು.

ಶುರುವಿನಲ್ಲೇ ಪೋರ್ಟೊನೋವಾ ಸುರಿದರು. ಅದರಲ್ಲಿ ಆಲ್ಕೋಹಾಲ್ 62.1%. ಮೂರರಲ್ಲಿ ಅದೇ ಜಾಸ್ತಿ ಸ್ಟ್ರಾಂಗ್, ಕೊನೆಗೆ ಬರಬೇಕಾದದ್ದು. ಮೊದಲೇ ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ. ಆಮೇಲೆ ಬಂದ 46%ನ ಕ್ವಿಂಟಾ ರುಬಾನ್ ಸಪ್ಪೆಯಾಗಿ ಕಂಡಿತು. ಅದು ಸಪ್ಪೆ ವಿಸ್ಕಿ ಅಲ್ಲವೇ ಅಲ್ಲ. ಸರಿಯಾಗಿ ಕೊಟ್ಟಿದ್ದರೆ ಅದರಲ್ಲಿ ಕಹಿ ಚಾಕೊಲೇಟ್, ಕಿತ್ತಳೆ, ಹಿಂದೆಯೇ ಸಣ್ಣಗೆ ಪುದೀನ ಸಿಗುತ್ತದೆ. ಆವತ್ತು ಹೊಸಬರು ಕೆಲವರು ಬಂದಿದ್ದರು. ಅವರೆಲ್ಲ ಈ ವಿಸ್ಕಿಯಲ್ಲಿ ಏನೂ ಇಲ್ಲ ಅಂದುಕೊಂಡೇ ಮನೆಗೆ ಹೋಗಿರುತ್ತಾರೆ. ನನಗೆ ಹಣಕ್ಕಿಂತ ಇದೇ ಜಾಸ್ತಿ ಬೇಸರ.

ಗ್ಲಾಸ್ ಅಗಲ ಬಾಯಿಯದು, ಅದರ ತುಂಬ ಐಸ್. ತಣ್ಣಗಾದ ವಿಸ್ಕಿಯಿಂದ ಪರಿಮಳ ಏಳುವುದಿಲ್ಲ. ಬಾಯಿ ಕಿರಿದಾದ ಗ್ಲಾಸ್ ಇದ್ದರೆ ಎದ್ದಷ್ಟು ಪರಿಮಳವಾದರೂ ಮೂಗಿಗೆ ಸಿಗುತ್ತದೆ. ನಾನು ಐಸ್ ಬೇಡ, ಸ್ವಲ್ಪ ನೀರು ಕೊಡಿ ಅಂತ ಕೇಳಿದೆ. "ಸಿಂಗಲ್ ಮಾಲ್ಟ್‌ಗೆ ನೀರು ಹಾಕಬಾರದು" ಎಂದು ನಡೆಸಿಕೊಡುತ್ತಿದ್ದವರು ಎಲ್ಲರೆದುರು ಹೇಳಿದರು. ಐಸ್ ಕರಗಿದರೆ ಅದೂ ನೀರೇ ಅಲ್ವಾ? 62.1%ನ ವಿಸ್ಕಿಗೆ ನೀರು ಬೇಕೇ ಬೇಕು. 30 ಎಂಎಲ್‌ಗೆ ಸುಮಾರು 10 ಎಂಎಲ್ ನೀರು ಹಾಕಿದರೆ ಹೆಚ್ಚುಕಡಿಮೆ 46%ಗೆ ಇಳಿಯುತ್ತದೆ. ಒಂದೇ ಸಲ ಸುರಿಯದೆ ಹನಿ ಹನಿಯಾಗಿ ಹಾಕುತ್ತಾ, ನಡುನಡುವೆ ಮೂಸುತ್ತಾ ಹೋಗಬೇಕು. ಮೊದಲು ಬರೀ ಘಾಟು. ಸ್ವಲ್ಪ ಹೊತ್ತು ಬಿಟ್ಟರೆ ಒಣದ್ರಾಕ್ಷಿ, ಕೆಂಪು ಹಣ್ಣಿನ ಜಾಮ್ ಬರುತ್ತದೆ. ಗುಟುಕು ಇಳಿದ ಮೇಲೆ ಓಕ್ ಮರದ ಸಣ್ಣ ಒಗರು ತುಂಬಾ ಹೊತ್ತು ನಿಲ್ಲುತ್ತದೆ. ಇದನ್ನು ತೋರಿಸಿಕೊಡಲಿ ಅಂತಲೇ ಜನ ನಿಮ್ಮ ಹತ್ತಿರ ಬರುವುದು. ಟೇಸ್ಟಿಂಗ್ ಮುಗಿಯುವ ಮೊದಲೇ ಖಾರದ ಚಿಲ್ಲಿ ಚಿಕನ್, ಗೋಬಿ ಮಂಚೂರಿ ತಂದಿಟ್ಟಿರಿ. ಊಟ ಕೊನೆಗೆ ಕೊಡಬಹುದಿತ್ತು.

ಇನ್ನು ಹೇಳಿಕೊಟ್ಟ ವಿಷಯಕ್ಕೆ ಬರುತ್ತೇನೆ. "ಇದಕ್ಕೆ ಪೋರ್ಟ್ ವೈನ್ ಬೆರೆಸಿರುತ್ತಾರೆ, ಅದಕ್ಕೇ ಕೆಂಪು, ಗೋವಾದಲ್ಲಿ ಸಿಗುತ್ತಲ್ಲ ಅದೇ ಪೋರ್ಟ್" ಎಂದರು. ಎರಡೂ ತಪ್ಪು. ಪೋರ್ಟ್ ಬರುವುದು ಪೋರ್ಚುಗಲ್‌ನ ಡೋರೊ ಕಣಿವೆಯಿಂದ. 1756ರಲ್ಲೇ ಆ ಪ್ರದೇಶಕ್ಕೆ ಗಡಿ ಹಾಕಿದ್ದಾರೆ. ದ್ರಾಕ್ಷಿರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ಅದನ್ನು ನಿಲ್ಲಿಸುತ್ತಾರೆ. ಅದರಿಂದ ಸಿಹಿ ಉಳಿಯುತ್ತದೆ. ಗೋವಾದ ಸಿಹಿ ವೈನ್‌ಗೆ ಆ ಹೆಸರು ಅಂಟಿಕೊಂಡಿದೆ, ಅಷ್ಟೇ. ವಿಸ್ಕಿಗೆ ಪೋರ್ಟ್ ಬೆರೆಸುವುದಿಲ್ಲ. ಪೋರ್ಟ್ ಇಟ್ಟಿದ್ದ ಪೀಪಾಯಿಯನ್ನು ಖಾಲಿ ಮಾಡಿ, ಅದರಲ್ಲಿ ವಿಸ್ಕಿ ತುಂಬುತ್ತಾರೆ. ಮರ ಹೀರಿಕೊಂಡಿದ್ದ ವೈನ್ ಬಣ್ಣವನ್ನೂ ರುಚಿಯನ್ನೂ ಕೊಡುತ್ತದೆ. ಸ್ಕಾಚ್‌ಗಂತೂ ನೀರು ಮತ್ತು ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಿಸುವಂತಿಲ್ಲ.

ಪೋರ್ಟೊನೋವಾ ಎದುರಿಗಿಟ್ಟುಕೊಂಡು ಹೀಗೆ ಹೇಳಿದ್ದು ನನಗೆ ಸಹಿಸಲಾಗಲಿಲ್ಲ. ಆ ವಿಸ್ಕಿ ಮೊದಲು ಬರ್ಬನ್ (ಅಮೆರಿಕದ ಜೋಳದ ವಿಸ್ಕಿ) ಇಟ್ಟಿದ್ದ ಪೀಪಾಯಿ ಮತ್ತು ಹೊಸ ಓಕ್ ಪೀಪಾಯಿಗಳಲ್ಲಿ ಇರುತ್ತದೆ. ಆಮೇಲೆ ಪೋರ್ಟ್ ಪೀಪಾಯಿಗೆ, ಅಲ್ಲಿಂದ ಮತ್ತೆ ಬರ್ಬನ್ ಪೀಪಾಯಿಗೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಲ್ಲಿರುವ ವಿಸ್ಕಿ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನ ಹವೆಗೆ 10%ಗಿಂತ ಜಾಸ್ತಿ ಹೋಗುತ್ತದೆ. ಇಲ್ಲಿ ಮರದ ಕೆಲಸವೂ ಬೇಗ. ಸ್ವಲ್ಪ ಹೆಚ್ಚು ದಿನ ಬಿಟ್ಟರೂ ವೈನ್ ರುಚಿ ಮೇಲಾಗಿ ಬಾರ್ಲಿಯ ರುಚಿ ಮುಚ್ಚಿಹೋಗುತ್ತದೆ. ಅಷ್ಟು ಕಾದು, ರುಚಿ ನೋಡಿ ನೋಡಿ ಮಾಡಿದ ಕೆಲಸವನ್ನು ಸುಮ್ನೆ "ಬೆರೆಸಿದ್ದು" ಅಂದುಬಿಡಬಹುದೇ?

ಮೂರನೆಯದು ಬಾಲ್ವೆನಿ ಬರಲೇ ಇಲ್ಲ. ಬದಲಿಗೆ ಶೆರಿ ಪೀಪಾಯಿಯ ಬೇರೊಂದು ವಿಸ್ಕಿ ಕೊಟ್ಟು, "ಎರಡೂ ಒಂದೇ" ಎಂದರು. ಶೆರಿ ಸ್ಪೇನಿನ ವೈನ್, ರುಚಿಯೂ ಬೇರೆ. ಕ್ವಿಂಟಾ ರುಬಾನ್ ರೂಬಿ ಪೋರ್ಟ್ ಪೀಪಾಯಿಯದು, ಬಾಲ್ವೆನಿ ಟಾನಿ ಪೋರ್ಟ್ ಪೀಪಾಯಿಯದು. ರೂಬಿ ಕೆಂಪಗೆ, ಹಣ್ಣುಹಣ್ಣಾಗಿರುತ್ತದೆ. ಟಾನಿ ಮರದಲ್ಲೇ ವರ್ಷಗಟ್ಟಲೆ ಇದ್ದು ಕಂದು ಬಣ್ಣಕ್ಕೆ ತಿರುಗಿ, ರುಚಿಯಲ್ಲಿ ಬಾದಾಮಿ, ಆಕ್ರೋಟಿನ ಕಡೆ ವಾಲುತ್ತದೆ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಎನ್ನುವುದೇ ನಮ್ಮ ಆಸೆಯಾಗಿತ್ತು. ಬಾಟಲಿ ಸಿಕ್ಕಿಲ್ಲ ಅಂತ ಮೊದಲೇ ಮೆಸೇಜ್ ಮಾಡಿದ್ದರೆ ನಾವು ಇನ್ನೊಂದು ದಿನಕ್ಕೆ ಬರುತ್ತಿದ್ದೆವು.

ನಾನು ಕೇಳುವುದು ಇಷ್ಟು. ಇಬ್ಬರ 12,000 ರೂಪಾಯಿಯಲ್ಲಿ ಅರ್ಧವನ್ನಾದರೂ ವಾಪಸ್ ಕೊಡಿ. ಆವತ್ತು ಬಂದ ಎಲ್ಲರಿಗೂ ಪೋರ್ಟ್ ಬೆರೆಸುವುದಿಲ್ಲ ಎಂದು ತಿದ್ದಿ ಒಂದು ಮೆಸೇಜ್ ಕಳಿಸಿ. ಮುಂದಿನ ಟೇಸ್ಟಿಂಗ್‌ನಲ್ಲಿ ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಸಾದಾ ನೀರು ಇಡಿ. ಈ ಪತ್ರ ತಲುಪಿ 15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಪೋಸ್ಟರ್‌ನ ಫೋಟೊ ಮತ್ತು ಹಣ ಕಟ್ಟಿದ ರಸೀದಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ