ಈ ವಾರದ ಪದ: ಗ್ರಾಗಿ

ಸದಸ್ಯರೆಲ್ಲರಿಗೂ ನಮಸ್ಕಾರ.

ನಿದ್ದೆಗಣ್ಣಿನಲ್ಲಿ ತೂರಾಡುವವರನ್ನು ಇಂಗ್ಲಿಷಿನಲ್ಲಿ ‘ಗ್ರಾಗಿ’ ಎನ್ನುತ್ತಾರೆ. ಗುದ್ದು ತಿಂದು ತತ್ತರಿಸುವ ಬಾಕ್ಸರ್ ಕೂಡ ಗ್ರಾಗಿಯೇ. ಆದರೆ 18ನೇ ಶತಮಾನದಲ್ಲಿ ಈ ಪದ ಹುಟ್ಟಿದಾಗ ಅದರ ಅರ್ಥ ನೇರವಾಗಿತ್ತು: ಕುಡಿದು ಅಮಲೇರಿದವನು.

ಮೂಲ ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ಒಂದು ನಿಲುವಂಗಿ! ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್ ‘ಗ್ರಾಗ್ರಮ್’ ಎಂಬ ಒರಟು ಬಟ್ಟೆಯ ಮೇಲಂಗಿ ತೊಡುತ್ತಿದ್ದ. ನಾವಿಕರು ಅವನಿಗೆ ‘ಓಲ್ಡ್ ಗ್ರಾಗ್’ ಎಂದು ಅಡ್ಡಹೆಸರಿಟ್ಟರು. (ಬಟ್ಟೆಯ ಹೆಸರು ಫ್ರೆಂಚ್‌ನಿಂದ ಬಂದದ್ದು, ದಪ್ಪ ಎಳೆಯದು ಎಂಬ ಭಾವ.) 1740ರ ಆಗಸ್ಟ್‌ನಲ್ಲಿ ಅವನು ಆಜ್ಞೆ ಹೊರಡಿಸಿದ: ದಿನದ ಪಡಿಯಾದ ಅರ್ಧ ಪಿಂಟ್ ರಮ್ಮಿಗೆ ಒಂದು ಕ್ವಾರ್ಟ್ ನೀರು, ಅಂದರೆ ಒಂದು ಪಾಲಿಗೆ ನಾಲ್ಕು ಪಾಲು, ಬೆರೆಸಬೇಕು. ಅದೂ ಹಡಗಿನ ಡೆಕ್ ಮೇಲೆ, ಅಧಿಕಾರಿಯ ಕಣ್ಣೆದುರೇ. ಎರಡು ಹೊತ್ತು ಹಂಚಬೇಕು. ನಾವಿಕರು ಆ ನೀರು ರಮ್ಮನ್ನು ‘ಗ್ರಾಗ್’ ಎಂದು ಕರೆದರು. ಗ್ರಾಗ್ ತಲೆಗೇರಿದವನು ಗ್ರಾಗಿ. ಅಮಲು ತಗ್ಗಿಸಲು ಹೊರಟವನ ಹೆಸರೇ ಅಮಲಿಗೆ ಅಂಟಿಕೊಂಡಿತು, ಪಾಪ!

ರಮ್ಮಿನ ಪಡಿ ನಿಂತದ್ದು 1970ರ ಜುಲೈ 31ರಂದು. ಅಷ್ಟರಲ್ಲಿ ಪದದಿಂದ ಮದ್ಯದ ವಾಸನೆಯೇ ಬಹುಮಟ್ಟಿಗೆ ಹೋಗಿತ್ತು.

ಅಡ್ಡಹೆಸರಿನಿಂದ ಹುಟ್ಟಿದ ಬೇರೆ ಪದಗಳು ಗೊತ್ತಿದ್ದರೆ ಭಾನುವಾರದೊಳಗೆ ಇಲ್ಲಿಯೇ ಬರೆಯಿರಿ. ಕುಡುಕರ ನಗೆಹನಿಗಳನ್ನು ಫಾರ್ವರ್ಡ್ ಮಾಡುವುದು ಬೇಡ. ಕಳೆದ ಬಾರಿಯವನ್ನೇ ಇನ್ನೂ ಅಳಿಸುತ್ತಿದ್ದೇನೆ.