ತಬಲಾ ಕ್ಲಾಸು ಬಿಟ್ಟವನಿಗೆ

ಗೆಳೆಯಾ,

ನಿನ್ನ ಪತ್ರ ನೋಡಿದೆ. ತಬಲಾ ಕ್ಲಾಸು ಬಿಟ್ಟೆ ಅಂತ ಬರೆದಿದ್ದೀಯ. ಬೆರಳು ಬಗ್ಗಲ್ಲ, ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕಾಲು ಹಿಡ್ಕೊಳ್ಳುತ್ತೆ, ಆಫೀಸಿಂದ ಬರೋದು ತಡ. ಕಾರಣಗಳೇನೋ ಚೆನ್ನಾಗಿವೆ. ಆದರೆ ಕೊನೆಗೆ, ಸಹಿ ಹಾಕೋ ಮುಂಚೆ, ಒಂದು ಸಾಲು ಸೇರಿಸಿದ್ದೀಯಲ್ಲ: "ಐದನೇ ಕ್ಲಾಸಿನ ಹುಡುಗನೊಬ್ಬ ನನ್ನ ಕೈ ಹಿಡಿದು, ಅಂಕಲ್ ಹಂಗಲ್ಲ ಹಿಂಗೆ ಅಂತ ತೋರಿಸಿದ." ನೀನು ಬಿಟ್ಟಿದ್ದು ಅದಕ್ಕೇ. ಮೊಣಕಾಲಿನದು ಪಾಪ, ಏನೂ ತಪ್ಪಿಲ್ಲ.

ಈ ವಿಷಯದಲ್ಲಿ ಬುದ್ಧಿ ಹೇಳೋಕೆ ನನಗಿಂತ ಅರ್ಹ ಮನುಷ್ಯ ನಿನಗೆ ಸಿಗೋದಿಲ್ಲ. ನಲವತ್ತು ದಾಟಿದ ಮೇಲೆ ಈಜು ಕಲಿಯೋಕೆ ಹೋದೆ, ಬೈನಾಕ್ಯುಲರ್ ಕೊಂಡು ಹಕ್ಕಿ ಹಿಂದೆ ಬಿದ್ದೆ, ಮನೆಯಲ್ಲೇ ಬೆಣ್ಣೆದೋಸೆ ಹಾಕ್ತೀನಿ ಅಂತ ಕಬ್ಬಿಣದ ಕಾವಲಿ ತಂದೆ, ಈಗ ಬ್ರಾಹ್ಮಿ ಲಿಪಿ ಹಿಡ್ಕೊಂಡು ಕೂತಿದ್ದೀನಿ. ಯಾವುದರಲ್ಲೂ ಪಳಗಿಲ್ಲ. "ನಿಮ್ಮದೇನಿದ್ದರೂ ಅ ಆ ಇ ಈ ತನಕ" ಅನ್ನೋದು ನಮ್ಮ ಮನೆಯವಳ ಮಾತು. ಇರಲಿ ಬಿಡು. ಅ ಆ ಇ ಈ ಹೊತ್ತಲ್ಲಿ ಮನುಷ್ಯನಿಗೆ ಏನೇನಾಗುತ್ತೆ ಅನ್ನೋದು ನನಗೆ ಗೊತ್ತಿರುವಷ್ಟು ಪಂಡಿತರಿಗೂ ಗೊತ್ತಿರಲ್ಲ.

ನಮ್ಮ ವಯಸ್ಸಿಗೆ ಬರೋ ಹೊತ್ತಿಗೆ ನಮ್ಮನ್ನ ತಿದ್ದೋರೇ ಇರೋದಿಲ್ಲ ನೋಡು. ಮಂಡಿಪೇಟೆ ಅಂಗಡಿಯಲ್ಲಿ ಕೆಲಸದ ಹುಡುಗರು ಎದುರು ಮಾತಾಡಲ್ಲ, ಮದುವೆಮನೆಗೆ ಹೋದರೆ ಮುಂದಿನ ಸಾಲಲ್ಲಿ ಕುರ್ಚಿ ಹಾಕ್ತಾರೆ. ಅಂಥವನು ಈಜುಕೊಳದಲ್ಲಿ ಚಡ್ಡಿ ಹಾಕ್ಕೊಂಡು, ಎದೆಮಟ್ಟ ನೀರಲ್ಲಿ, ಅಂಚಿನ ಕಂಬಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಕಲಿಸೋನು ಡಿಗ್ರಿ ಓದೋ ಹುಡುಗ. ದಡದಲ್ಲಿ ಮಕ್ಕಳನ್ನ ಬಿಡೋಕೆ ಬಂದವರ ಪೈಕಿ ನಮ್ಮ ಅಂಗಡಿ ಗಿರಾಕಿಗಳೂ ಇದ್ದರು. "ತಲೆ ಒಳಗೆ ಹಾಕ್ರಿ ಅಂಕಲ್, ತಲೆ ಎತ್ತಿದಷ್ಟೂ ಕಾಲು ಮುಳುಗ್ತಾವೆ" ಅಂತ ಅವನು ಇಡೀ ಕೊಳಕ್ಕೆ ಕೇಳೋ ಹಂಗೆ ಕೂಗೋನು. ಹೇಳಿದ್ದು ಸರಿಯೇ. ಎದೆಯೊಳಗೆ ಗಾಳಿ ಇರೋದರಿಂದ ಮೈಯ ಮೇಲ್ಭಾಗ ತಾನಾಗಿ ತೇಲುತ್ತೆ. ಹೆದರಿ ತಲೆ ಎತ್ತಿದರೆ ಸೊಂಟದ ಕೆಳಗಿನದ್ದೆಲ್ಲ ನೀರಿಗಿಳಿಯುತ್ತೆ. ಹೆದರಿದವನು ಮಾಡೋದೇ ಅದನ್ನ. ಹಳ್ಳಿಯಲ್ಲಿ ಬೆನ್ನಿಗೆ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ಳೋರಲ್ಲ, ಆ ವಯಸ್ಸಲ್ಲೇ ಕಲಿತಿದ್ದರೆ ಯಾರಿಗೂ ನೆನಪಿರ್ತಿರಲಿಲ್ಲ. ಈಗ ಉಸಿರು ನೀರೊಳಗೆ ಬಿಟ್ಟು ಹೊರಗೆ ಎಳ್ಕೊಳ್ಳೋದು ಬಂದಿದೆ, ಅಗಲಕ್ಕೆ ದಾಟ್ತೀನಿ. ಉದ್ದಕ್ಕೆ ಇನ್ನೂ ಧೈರ್ಯ ಇಲ್ಲ.

ದೋಸೆ ಸಂಗತಿ ಬೇಗ ಮುಗಿಸ್ತೀನಿ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಹಾಕಿ ರುಬ್ಬಬೇಕು, ಅದು ಗೊತ್ತಿತ್ತು. ಕಾವಲಿಯ ಕಾವು ಮಾತ್ರ ಕೈಗೆ ಹತ್ತಲಿಲ್ಲ. ಮನೆಯಿಂದ ಹೊರಬಿದ್ದರೆ ತಿರುವಿಗೊಂದು ಬೆಣ್ಣೆದೋಸೆ ಹೋಟೆಲ್ ಇರೋ ಊರಲ್ಲಿ ಇದನ್ನ ಕಲಿಯೋ ಅಗತ್ಯ ಏನು ಅನ್ನಿಸಿ ಬಿಟ್ಟೆ, ಒಂಚೂರೂ ಬೇಜಾರಿಲ್ಲ. ಬಿಡೋದನ್ನೇ ನಾನು ಬೈತಾ ಇದ್ದೀನಿ ಅಂದ್ಕೋಬೇಡ. ರುಚಿ ಹತ್ತದೆ ಬಿಡೋದು ಬೇರೆ. ನಿನಗೆ ತಬಲಾ ಹುಚ್ಚು ಕಾಲೇಜಿನಿಂದ ಇದೆ, ಮೆಸ್ಸಿನ ಟೇಬಲ್ ಮೇಲೆ ಬಡಿದು ಬಡಿದು ನಮ್ಮ ಸಾಂಬಾರು ಚೆಲ್ಲಿಸಿದವನು ನೀನು.

ಈಗ ಆ ಹುಡುಗನ ವಿಷಯ. ಕುಂದುವಾಡ ಕೆರೆ ಏರಿ ಮೇಲೆ ಬೆಳಗ್ಗೆ ಹಕ್ಕಿ ನೋಡೋರ ಜೊತೆ ನಾನೂ ಹೋಗ್ತೀನಿ. ನಾಮದ ಕೋಳಿ ಸುಲಭ, ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳಿ ನಾಮ. ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುತ್ತೆ, ಅದೂ ತಿಳಿಯುತ್ತೆ. ಸಿಕ್ಕಿಹಾಕ್ಕೊಂಡಿದ್ದು ಬೆಳ್ಳಕ್ಕಿಯಲ್ಲಿ. ನನಗೆ ಬೆಳ್ಳಗಿದ್ದದ್ದೆಲ್ಲ ಬೆಳ್ಳಕ್ಕಿ. ಗುಂಪಿನ ಹಿರಿಯರೊಬ್ಬರನ್ನ ಕೇಳಿದರೆ "ನೋಡ್ತಾ ನೋಡ್ತಾ ಗೊತ್ತಾಗುತ್ತೆ, ಅದರ ಗತ್ತೇ ಬೇರೆ" ಅಂದರು. ಸುಳ್ಳಲ್ಲ, ಅವರಿಗೆ ಹಂಗೇ ಗೊತ್ತಾಗೋದು. ಪಕ್ಕದಲ್ಲಿದ್ದ ಪಿಯುಸಿ ಹುಡುಗಿ, ಅವಳೂ ಆ ವರ್ಷವೇ ಶುರು ಮಾಡಿದ್ದು, ಮೆಲ್ಲಗೆ ಹೇಳಿದಳು: "ಅಂಕಲ್, ಮೊದಲು ಕೊಕ್ಕು ನೋಡ್ರಿ. ಕಪ್ಪು ಕೊಕ್ಕು, ಕಪ್ಪು ಕಾಲು ಇದ್ದರೆ, ಹಾರೋ ತನಕ ಕಾಯ್ರಿ, ಪಾದ ಕಾಣ್ತಾವೆ." ಕಾದೆ. ಹಕ್ಕಿ ಎದ್ದಾಗ ಆ ಕರೀ ಕಾಲಿನ ತುದಿಯಲ್ಲಿ ಪಾದಗಳೆರಡೂ ಹಳದಿ, ಆಗಷ್ಟೇ ಅರಿಶಿನದ ಬಟ್ಟಲಿಗೆ ಅದ್ದಿ ತೆಗೆದ ಹಂಗೆ! ಅದು ಸಣ್ಣ ಬೆಳ್ಳಕ್ಕಿ. ಹಳದಿ ಕೊಕ್ಕಿನದು, ದನದ ಹಿಂದೆ ತಿರುಗೋದು ಬೇರೆ. ಅವತ್ತಿಂದ ಆ ಎರಡರಲ್ಲಿ ನನಗೆ ಗೊಂದಲ ಆಗಿಲ್ಲ.

ಹಿರಿಯರಿಗೆ ತಮಗೆ ಯಾವ ಕಾಲದಲ್ಲಿ ಏನು ತಿಳೀತಿರಲಿಲ್ಲ ಅನ್ನೋದೇ ಮರೆತುಹೋಗಿರುತ್ತೆ. ಆ ಹುಡುಗಿಗೆ ಮರೆತಿರಲಿಲ್ಲ. ನಿನ್ನ ಐದನೇ ಕ್ಲಾಸಿನವನೂ ಅಷ್ಟೇ. ತಬಲಾದಲ್ಲಿ 'ನಾ' ಅನ್ನೋ ಅಕ್ಷರ ನುಡಿಸುವಾಗ ಉಂಗುರ ಬೆರಳು ನಡುವಿನ ಕಪ್ಪಿನ ಅಂಚಿಗೆ ಹಗುರಾಗಿ ತಾಗಿರಬೇಕು, ತೋರುಬೆರಳು ತಬಲಾದ ಹೊರ ಅಂಚಿಗೆ ಬಡಿದು ತಕ್ಷಣ ಏಳಬೇಕು. ಬೆರಳು ಅಲ್ಲೇ ನಿಂತರೆ ನಾದ ಸತ್ತು ಟಪ್ ಅನ್ನುತ್ತೆ. ಇಷ್ಟು ನಾನು ನಿನ್ನ ಪತ್ರಗಳಿಂದಲೇ ಕಲಿತಿದ್ದು. ಆ ಹುಡುಗ ಮೊನ್ನೆ ಮೊನ್ನೆ ಇದೇ ಟಪ್ ದಾಟಿ ಬಂದವನು, ನಿನ್ನ ಬೆರಳು ಎಲ್ಲಿ ಅಂಟ್ಕೊಳ್ಳುತ್ತೆ ಅಂತ ಮೇಷ್ಟ್ರಿಗಿಂತ ಮೊದಲು ಅವನ ಕಣ್ಣಿಗೆ ಬಿತ್ತು. ದೊಡ್ಡವರಿಗೇ ಬೇರೆ ಬ್ಯಾಚ್ ಇದೆಯಾ ಅಂತ ಕೇಳೋಣ ಅಂತಿದ್ದೀಯಲ್ಲ, ನನ್ನ ಕೇಳಿದರೆ ಬೇಡ. ಅಲ್ಲಿ ಎಲ್ಲರೂ ನಿನ್ನಂಥವರೇ. ಒಬ್ಬರನ್ನೊಬ್ಬರು ತಿದ್ದೋಕೆ ಸಂಕೋಚಪಟ್ಟು ಟೀ ಕುಡಿದು ಎದ್ದು ಬರ್ತೀರಿ.

ಈಗ ಬ್ರಾಹ್ಮಿಗೆ ಬರ್ತೀನಿ, ಇದನ್ನ ಬರೆಯೋಕೇ ಕೈ ಕಡೀತಿತ್ತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಈ ಲಿಪಿಯಲ್ಲೇ ಕೆತ್ತಿದ ಅಶೋಕನ ಶಾಸನ ಇದೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ನಮ್ಮ ಜಿಲ್ಲೆ ಒಡೆಯೋ ಮುಂಚೆ ಎಲ್ಲ ಒಂದೇ ಚಿತ್ರದುರ್ಗ. ಊರವರು ಅಕ್ಷರ ಗುಂಡು ಅಂತಿದ್ದ ಆ ಬಂಡೆಯ ಮುಂದೆ ನಿಂತು ನಾಲ್ಕಕ್ಷರ ಗುರುತು ಹಿಡೀಬೇಕು ಅನ್ನೋದಷ್ಟೇ ನನ್ನ ಆಸೆ. ಕ ಅಂದರೆ ಲೆಕ್ಕದ ಕೂಡಿಸೋ ಚಿಹ್ನೆ. ಠ ಅಂದರೆ ಬರೀ ಸೊನ್ನೆ, ಸೊನ್ನೆಯೊಳಗೆ ಚುಕ್ಕೆ ಇಟ್ಟರೆ ಥ. ಗ ಅಂದರೆ ಇಂಗ್ಲಿಷಿನ ವಿ ತಲೆಕೆಳಗು. ಹೋದೆ, ನೋಡಿದೆ. ಪುಸ್ತಕದಲ್ಲಿ ಗುಂಡಗಿದ್ದದ್ದು ಕಲ್ಲಿನ ಮೇಲೆ ಸವೆದು ಎಲ್ಲ ಗೀರೇ. ಆಮೇಲೆ ಒಂದು ಕ ಸಿಕ್ಕಿತು ನೋಡು, ಖುಷಿಗೆ ಕಾವಲುಗಾರರನ್ನ ಕರೆದು ತೋರಿಸಿದೆ. ಅವರು ದಿನಾ ನೋಡೋ ಕಲ್ಲು, ನಕ್ಕರು.

ಯಾರಿಗೂ ಓದೋಕೆ ಬರದಂಗಾಗಿದ್ದ ಬ್ರಾಹ್ಮಿಯನ್ನ ಮತ್ತೆ ಓದಿದವನು ಜೇಮ್ಸ್ ಪ್ರಿನ್ಸೆಪ್, 1837ರಲ್ಲಿ. ಹೊಟ್ಟೆಪಾಡಿಗೆ ಅವನು ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡೋನು. ಸಾಂಚಿಯ ಬೌದ್ಧ ಸ್ತೂಪದ ಸಣ್ಣ ಸಣ್ಣ ಬರಹಗಳ ಕೊನೆಗೆಲ್ಲ ಅವೇ ಎರಡು ಅಕ್ಷರ ಬರ್ತಿದ್ದವು. ಕೊಟ್ಟವರ ಹೆಸರಿದ್ದರೆ ಇದು 'ದಾನಂ' ಇರಬೇಕು ಅಂತ ಊಹಿಸಿದ, ಅಲ್ಲಿಂದ ಗಂಟು ಬಿಚ್ಚಿತು. ಬ್ರಹ್ಮಗಿರಿ ಶಾಸನ ಬೆಳಕಿಗೆ ತಂದದ್ದು ಬಿ.ಎಲ್. ರೈಸ್, 1892ರಲ್ಲಿ. ಕೆತ್ತನೆಗೆ ಬರೆದುಕೊಟ್ಟ ಲಿಪಿಕಾರ ಚಪಡ ಅನ್ನೋನು ಕೊನೆಯಲ್ಲಿ ತನ್ನ ಹೆಸರು ಹೇಳಿ, 'ಲಿಪಿಕರೇಣ' ಅನ್ನೋದನ್ನ ಮಾತ್ರ ಬಲದಿಂದ ಎಡಕ್ಕೆ ಸಾಗೋ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ದಿಕ್ಕಿನ ಲಿಪಿ ಅದು, ನಮ್ಮ ಕಡೆ ಯಾರು ಓದ್ತಾರೆ ಅಂತ ಬರೆದನೋ! ನನಗೆ ಆ ಶೋಕಿ ಬಹಳ ಇಷ್ಟ ಆಯಿತು.

ಶಾಸನದ ಅರ್ಥ ನಾನು ಅನುವಾದದಲ್ಲೇ ಓದಿದ್ದು. ಸುವರ್ಣಗಿರಿಯಿಂದ ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಸಂದೇಶ. ಮೊದಲು ಕುಶಲ ವಿಚಾರಣೆ, ಆಮೇಲೆ ರಾಜನ ಮಾತು. ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮ ಪಡಲಿಲ್ಲ, ಭಿಕ್ಷುಗಳ ಸಂಘಕ್ಕೆ ಹತ್ತಿರವಾದ ಮೇಲೆ ಚೆನ್ನಾಗಿ ಶ್ರಮಿಸಿದ್ದೇನೆ ಅಂತ ಅದರ ತಾತ್ಪರ್ಯ. ಒಂದು ವರ್ಷ ಸುಮ್ಮನೆ ಕಳೆದೆ ಅನ್ನೋದನ್ನ ಅಧಿಕಾರಿಗಳಿಗೆ ಹೇಳಿ ಕಳಿಸಿ, ಊರೂರಿನ ಬಂಡೆ ಮೇಲೆ ಕೆತ್ತಿಸಿದ್ದಾನೆ ಮಾರಾಯ, ಚಕ್ರವರ್ತಿ! ಅದರ ಬೆನ್ನಿಗೇ, ಇದು ದೊಡ್ಡವರಿಗೆ ಮಾತ್ರ ಸಾಧ್ಯ ಅನ್ನೋದು ಸರಿಯಲ್ಲ, ಸಣ್ಣವರೂ ದೊಡ್ಡವರೂ ಪ್ರಯತ್ನಪಡಲಿ ಅನ್ನುತ್ತೆ. ನೀನು ಒಬ್ಬ ಹುಡುಗ ಕೈ ಹಿಡಿದದ್ದನ್ನ ನನಗೊಬ್ಬನಿಗೆ ಬರೆಯೋಕೆ ಪತ್ರದ ಕೊನೆ ತನಕ ಕಾದೆ.

ಫೀಸು ತಿಂಗಳಾಂತ್ಯದ ತನಕ ಕಟ್ಟಿದ್ದೀಯಲ್ಲ, ಅಲ್ಲಿವರೆಗಾದರೂ ಹೋಗು. ತೀನ್ ತಾಲ್ ಅನ್ನೋ ತಾಳದ ಹದಿನಾರು ಎಣಿಕೆಯಲ್ಲಿ ಖಾಲಿ, ಅಂದರೆ ಚಪ್ಪಾಳೆ ಬದಲು ಕೈ ಬೀಸೋ ಜಾಗ, ಎಲ್ಲಿ ಬರುತ್ತೆ ಅನ್ನೋದು ನಿನ್ನ ಪತ್ರ ಓದಿದ ಮೇಲೂ ನನಗೆ ತಿಳಿದಿಲ್ಲ, ಇನ್ನೊಂದು ಸಲ ಬಿಡಿಸಿ ಬರಿ.

ಆಮೇಲೆ ಒಂದು ಭಾನುವಾರ ಬಿಡುವು ಮಾಡ್ಕೊಂಡು ಬಾ, ಬ್ರಹ್ಮಗಿರಿಗೆ ಹೋಗೋಣ. ಚಳ್ಳಕೆರೆ ಮೇಲೆ ರಾಂಪುರದ ದಾರಿ ಹಿಡಿಯೋದು. ಬಿಸಿಲು ಜೋರು, ನೀರು ಜಾಸ್ತಿ ಇರಲಿ. ಜಟಿಂಗ ರಾಮೇಶ್ವರ ಬೆಟ್ಟವೂ ಅಲ್ಲೇ ಹತ್ತಿರ, ನಿನ್ನ ಮೊಣಕಾಲು ಒಪ್ಪಿದರೆ ಹತ್ತೋಣ. ಬರುವಾಗ ಮೊಳಕಾಲ್ಮೂರು ರೇಷ್ಮೆ ಸೀರೆ ತರಲೇಬೇಕು ಅಂತ ಮನೆಯಲ್ಲಿ ಹುಕುಂ ಆಗಿದೆ. ಬಣ್ಣ ಹಿಡಿಸದಿದ್ದರೆ ಬೈಸಿಕೊಳ್ಳೋಕೆ ಒಬ್ಬನಿಗಿಂತ ಇಬ್ಬರಿದ್ದರೆ ಮೇಲು.

ನಿನ್ನ
ದಾವಣಗೆರೆ ಗೆಳೆಯ